ಜೋಡಿಸಿದ ರಿಪೀಟರ್‌ಗಳ ಮೇಲೆ ಕನ್ನಡದಲ್ಲಿ ಮಾತನಾಡಿದ್ದು ತಪ್ಪೇ?

ಮೌಂಟನ್‌ಹೌಸ್ ಮಂಜು:

ಎಲ್ಲರಿಗೂ ನಮಸ್ಕಾರ. ಅರಸೀಕೆರೆಯ ಕಡೆಯವನಾದ ನಾನು ಈಗ ಕ್ಯಾಲಿಫೋರ್ನಿಯಾದ ಮೌಂಟನ್ ಹೌಸ್‌ನಲ್ಲಿದ್ದೇನೆ. ಕಳೆದ ಚಳಿಗಾಲದಲ್ಲಿ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿ ರೇಡಿಯೊ, ಪರವಾನಗಿಗಾಗಿ ಇಲ್ಲಿಯ ಟೆಕ್ನೀಷಿಯನ್ ಪರೀಕ್ಷೆಯನ್ನು (35 ಪ್ರಶ್ನೆಗಳು, 26 ಸರಿಯಾದರೆ ಪಾಸು) ಮುಗಿಸಿ ಕರೆಸಂಕೇತ (ಕಾಲ್‌ಸೈನ್) ಪಡೆದುಕೊಂಡೆ. ನನ್ನ ಬಳಿ ಇರುವುದು 5 ವ್ಯಾಟಿನ ಒಂದು ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೊ) ಮತ್ತು ಕಾರಿನ ಮೇಲೆ ಅಂಟಿಸುವ ಒಂದು ಆಂಟೆನಾ, ಅಷ್ಟೇ. ಕಾಲೇಜಿನ ಗೆಳೆಯನೊಬ್ಬ ಮಾರ್ಗನ್ ಹಿಲ್‌ನಲ್ಲಿದ್ದಾನೆ. ಅವನೂ ನನ್ನ ಜೊತೆಯಲ್ಲೇ ಪರೀಕ್ಷೆ ಬರೆದವನು. ನಮ್ಮಿಬ್ಬರ ಊರುಗಳ ನಡುವೆ ಡಯಾಬ್ಲೊ ಪರ್ವತಶ್ರೇಣಿ ಅಡ್ಡ ಬಿದ್ದಿರುವುದರಿಂದ ಹ್ಯಾಂಡಿಯಿಂದ ಹ್ಯಾಂಡಿಗೆ ನೇರವಾಗಿ ಮಾತು ತಲುಪುವುದಿಲ್ಲ. ಆದರೆ ಬೇರೆ ಬೇರೆ ಬೆಟ್ಟಗಳ ಮೇಲಿನ ರಿಪೀಟರ್‌ಗಳನ್ನು (ಕೇಳಿದ ಮಾತನ್ನು ಮರುಪ್ರಸಾರ ಮಾಡುವ ಕೇಂದ್ರಗಳನ್ನು) ಒಂದಕ್ಕೊಂದು ಜೋಡಿಸಿರುವ ಒಂದು ಜಾಲ ಇಲ್ಲಿದೆ. ನಾನು ನನ್ನ ಕಡೆಯ ಬೆಟ್ಟವನ್ನು, ಅವನು ಅವನ ಕಡೆಯ ಬೆಟ್ಟವನ್ನು ಹಿಡಿದರೆ ಪಕ್ಕದಲ್ಲಿ ಕುಳಿತಂತೆ ಮಾತನಾಡಬಹುದು.

ಹೋದ ಶನಿವಾರ ಮಧ್ಯಾಹ್ನ ಹೀಗೆಯೇ ಸುಮಾರು 40 ನಿಮಿಷ ಕನ್ನಡದಲ್ಲಿ ಮಾತನಾಡುತ್ತಿದ್ದೆವು. ಊರಿನ ಕೊಬ್ಬರಿ ಧಾರಣೆಯಿಂದ ಹಿಡಿದು ಆಂಟೆನಾದವರೆಗೆ ಎಲ್ಲವೂ ಬಂತು. ಕರೆಸಂಕೇತಗಳನ್ನು ಕಾಲಕಾಲಕ್ಕೆ ಹೇಳುತ್ತಿದ್ದೆವು. ಆಗ ವಯಸ್ಸಾದವರೊಬ್ಬರ ದನಿ ನಡುವೆ ಬಂದು, ಈ ಸಂಭಾಷಣೆ ಇಡೀ ಜಾಲದ ಮೇಲೆ ಕೇಳಿಸುತ್ತಿದೆ, ದಯವಿಟ್ಟು ಬೇರೆ ಫ್ರೀಕ್ವೆನ್ಸಿಗೆ ಹೋಗುವಿರಾ ಎಂದು ಇಂಗ್ಲಿಷಿನಲ್ಲಿ ಕೇಳಿತು. ನಾವು ಕೂಡಲೇ ಮುಗಿಸಿದೆವು. ಆದರೆ ಗೆಳೆಯನಿಗೆ ಇದು ಮನಸ್ಸಿಗೆ ನಾಟಿದೆ. ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ಹರಟುವವರಿಗೆ ಯಾರೂ ಏನೂ ಹೇಳುವುದಿಲ್ಲ, ಕನ್ನಡ ಕೇಳಿದೊಡನೆ ಎಬ್ಬಿಸಿದರು ಎಂಬುದು ಅವನ ಮಾತು. ನನಗೆ ಹಾಗೆನ್ನಿಸುವುದಿಲ್ಲ, ಆದರೆ ಅಲ್ಲವೆಂದು ಅವನಿಗೆ ಹೇಳಲು ಸರಿಯಾದ ಕಾರಣವೂ ನನ್ನ ಬಳಿ ಇಲ್ಲ.

ಇನ್ನೆರಡು ಸಣ್ಣ ಪ್ರಶ್ನೆಗಳಿವೆ. ನನ್ನ ಕರೆಸಂಕೇತದ ಮೊದಲ ಅಕ್ಷರಗಳು ಯಾರಿಗೂ ಕೇಳಿಸುವುದಿಲ್ಲವಂತೆ, ರೇಡಿಯೊ ಕೆಟ್ಟಿದೆಯೇ? ಮತ್ತು ಫ್ರೀಮಾಂಟ್‌ನ ಕಚೇರಿಗೆ ಹೋಗುವಾಗ ಆಲ್ಟಮಾಂಟ್ ಕಣಿವೆ ದಾಟಿದ ಮೇಲೆ ಜಾಲದಿಂದ ಕಳಚಿ ಬೀಳುತ್ತೇನೆ. ನಕ್ಷೆಯಲ್ಲಿ ನೋಡಿದರೆ ಆ ಪ್ರದೇಶಕ್ಕೂ ಅದೇ ಜಾಲದ ಇನ್ನೊಂದು ರಿಪೀಟರ್ ಇದೆ. ಮೊಬೈಲಿನಲ್ಲಿ ಆಗುವ ಹಾಗೆ ಅದು ತಾನಾಗಿಯೇ ಏಕೆ ನನ್ನನ್ನು ಹಿಡಿದುಕೊಳ್ಳುವುದಿಲ್ಲ?

ತುಂಗಾ ತರಂಗ:

ಮಂಜು ಅವರೇ, ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡೋಣ. ಅಮೆರಿಕದ ಅಮೆಚೂರ್ (ಹ್ಯಾಮ್) ನಿಯಮಗಳು, ಅಂದರೆ ಅಲ್ಲಿಯ ಸಂಪರ್ಕ ನಿಯಂತ್ರಣ ಆಯೋಗವಾದ ಎಫ್‌ಸಿಸಿಯ ನಿಯಮಗಳ 97ನೆಯ ಭಾಗ, ಯಾವ ಭಾಷೆಯಲ್ಲಿ ಮಾತನಾಡಬೇಕೆಂದು ಹೇಳುವುದಿಲ್ಲ. ಧ್ವನಿಯಲ್ಲಿ ಗುರುತು ಹೇಳುವಾಗ ಕರೆಸಂಕೇತವನ್ನು ಇಂಗ್ಲಿಷಿನಲ್ಲಿ ಹೇಳಬೇಕು, 10 ನಿಮಿಷಕ್ಕೆ ಒಮ್ಮೆಯಾದರೂ ಹೇಳಬೇಕು, ಮಾತು ಮುಗಿಸುವಾಗಲೂ ಹೇಳಬೇಕು, ಅಷ್ಟೇ ಕಟ್ಟಳೆ. ಸ್ಯಾನ್ ಹೊಸೆಯಲ್ಲಿ ವಾರಕ್ಕೊಮ್ಮೆ ಒಂದು ನೆಟ್ (ಗೊತ್ತಾದ ಹೊತ್ತಿಗೆ ರೇಡಿಯೊ ಮೇಲೆ ಎಲ್ಲರೂ ಸೇರುವ ಕೂಟ) ನಡೆಸುವವಳು ನಾನು. ಇಲ್ಲಿಯ ರಿಪೀಟರ್‌ಗಳ ಮೇಲೆ ಸ್ಪ್ಯಾನಿಷ್ ಮಾತು ಎಷ್ಟೋ ಬಾರಿ ಕೇಳಿದ್ದೇನೆ, ಯಾರೂ ತಕರಾರು ತೆಗೆದದ್ದು ಕಂಡಿಲ್ಲ. ಹಾಗೆಂದು ಎಲ್ಲರ ಮನಸ್ಸಿನ ಮೇಲೂ ನಾನು ಜಾಮೀನು ನಿಲ್ಲಲಾರೆ.

ಇನ್ನೊಂದು ನಿಯಮವೂ ನಿಮ್ಮ ಗೆಳೆಯರಿಗೆ ತಿಳಿದಿರಲಿ. ರಿಪೀಟರ್ ಖಾಸಗಿ ಸ್ವತ್ತು. ಅದನ್ನು ಯಾರು ಬಳಸಬಹುದು ಎಂದು ನಿರ್ಬಂಧಿಸುವ ಅಧಿಕಾರವನ್ನು ಅದೇ 97ನೆಯ ಭಾಗ ಅದರ ಹೊಣೆ ಹೊತ್ತವರಿಗೆ ಕೊಟ್ಟಿದೆ. ಅಲ್ಲಿಂದ ಎದ್ದು ಬೇರೆಡೆಗೆ ಹೋಗಿ ಎಂದು ಅವರು ಕೇಳಿದರೆ ಹೋಗಬೇಕು, ಕಾರಣ ಏನೇ ಇರಲಿ. ಆದರೆ ನಿಮ್ಮ ವಿಷಯದಲ್ಲಿ ಕಾರಣವನ್ನು ಅವರೇ ಹೇಳಿದ್ದಾರೆ: ಇಡೀ ಜಾಲದ ಮೇಲೆ ಕೇಳಿಸುತ್ತಿದೆ ಎಂದಿದ್ದಾರೆ. ಆ ಮಾತಿನ ಅರ್ಥವನ್ನು ನನಗಿಂತ ಚೆನ್ನಾಗಿ ಬೆಟ್ಟ ಹತ್ತಿ ಇಳಿಯುವವರು ಹೇಳಬೇಕು. ಹಳೇ ವಾಲ್ವು ಸರ್ ಎಲ್ಲಿದ್ದೀರಿ?

ಹಳೇ ವಾಲ್ವು:

ಕರೆದಿದ್ದೀರಿ, ಬಂದಿದ್ದೇನೆ. ನಾನು ಸ್ಯಾಕ್ರಮೆಂಟೊದಲ್ಲಿ ನೆಲೆಸಿ ಮೂವತ್ತು ವರ್ಷ ದಾಟಿದೆ. ನಿವೃತ್ತನಾದ ಮೇಲೆ ಇಂಥದ್ದೇ ಒಂದು ಜಾಲದ ಎರಡು ಬೆಟ್ಟಗಳ ಬ್ಯಾಟರಿ, ಕೇಬಲ್ಲು, ಇಲಿ ಕಾಟ ಇವನ್ನು ನೋಡಿಕೊಳ್ಳುವ ಕೆಲಸ ತಾನಾಗಿ ಬಂದು ಹೆಗಲೇರಿದೆ. ಮಂಜು ಅವರೇ, ನಿಮ್ಮ ಮೂರು ಪ್ರಶ್ನೆಗಳೂ ಒಂದೇ ಬಳ್ಳಿಯ ಕಾಯಿಗಳು.

ಒಂಟಿ ರಿಪೀಟರ್ ಮಾಡುವುದು ಇಷ್ಟು: ಬೆಟ್ಟದ ತುದಿಯಲ್ಲಿ ಕುಳಿತು ಒಂದು ಫ್ರೀಕ್ವೆನ್ಸಿಯಲ್ಲಿ ನಿಮ್ಮ ಮಾತನ್ನು ಕೇಳಿಸಿಕೊಂಡು, ಆ ಕ್ಷಣದಲ್ಲೇ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಹೇಳುತ್ತದೆ. 2 ಮೀಟರ್ ಎಂಬ ಫ್ರೀಕ್ವೆನ್ಸಿ ಪಟ್ಟಿಯಲ್ಲಿ (ಬ್ಯಾಂಡ್) ಈ ಎರಡರ ನಡುವಿನ ಅಂತರ 600 ಕಿಲೋಹರ್ಟ್ಸ್, 70 ಸೆಂಟಿಮೀಟರ್ ಎಂಬ ಪಟ್ಟಿಯಲ್ಲಿ ಇಲ್ಲಿ 5 ಮೆಗಾಹರ್ಟ್ಸ್. ಅದನ್ನು ಬೆಟ್ಟದ ಮೇಲೆ ಇಡುವುದಕ್ಕೆ ಕಾರಣ ವಿದ್ಯುತ್ತಲ್ಲ, ದೃಷ್ಟಿ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ಸಿಗುತ್ತದೆ. ನಿಮ್ಮ ಪಶ್ಚಿಮಕ್ಕೆ ಕಾಣುವ ಮೌಂಟ್ ಡಯಾಬ್ಲೊ 1173 ಮೀಟರ್ ಎತ್ತರವಿದೆ. ಲೆಕ್ಕ ಹಾಕಿದರೆ ಸುಮಾರು 140 ಕಿಲೋಮೀಟರ್. ಅಡ್ಡ ಏನೂ ಇಲ್ಲದಿದ್ದರೆ ನಿಮ್ಮ 5 ವ್ಯಾಟಿನ ಸದ್ದು 100 ಕಿಲೋಮೀಟರ್ ದೂರದಲ್ಲಿ ಸುಮಾರು ಮೈನಸ್ 80 ಡಿಬಿಎಂ (ಸಿಗ್ನಲ್ ಬಲದ ಅಳತೆ, ಮೈನಸ್ ಹೆಚ್ಚಿದಷ್ಟೂ ಕ್ಷೀಣ) ಇರುತ್ತದೆ, ಒಳ್ಳೆಯ ರಿಸೀವರಿಗೆ ಮೈನಸ್ 120 ಇದ್ದರೂ ಸಾಕು. ಅಡ್ಡ ಒಂದು ಗುಡ್ಡ ಬಂದರೆ 50 ವ್ಯಾಟ್ ಸುರಿದರೂ ಪ್ರಯೋಜನವಿಲ್ಲ. ಮಾರ್ಗನ್ ಹಿಲ್‌ನ ನಿಮ್ಮ ಗೆಳೆಯರಿಗೆ 1154 ಮೀಟರಿನ ಲೋಮ ಪ್ರಿಯೆಟ ಅಂಗಳದಲ್ಲೇ ನಿಂತಂತಿದೆ, ನಿಮಗೆ ಅದು ಕಾಣುವುದೇ ಇಲ್ಲ.

ಈಗ ಜೋಡಣೆಯ ಮಾತು. ಒಂದು ಬೆಟ್ಟ ಕೇಳಿಸಿಕೊಂಡದ್ದನ್ನು ಪ್ರತ್ಯೇಕವಾದ ಇನ್ನೊಂದು ರೇಡಿಯೊ ಮೂಲಕ ಪಕ್ಕದ ಬೆಟ್ಟಕ್ಕೆ, ಅಲ್ಲಿಂದ ಮುಂದಿನದಕ್ಕೆ ದಾಟಿಸುತ್ತೇವೆ. ನೀವು ಮಾತನಾಡಲು ಪಿಟಿಟಿ ಗುಂಡಿ ಒತ್ತಿದಾಗ ನಿಮ್ಮ ಬೆಟ್ಟದ ರಿಸೀವರ್ ನಿಮ್ಮ ಮಾತಿನ ಕೆಳಗೆ ಸಣ್ಣಗೆ ಗುನುಗುವ ಟೋನನ್ನು ಗುರುತಿಸಬೇಕು. ಆಮೇಲೆ ಅದರ ಲಿಂಕ್ ರೇಡಿಯೊ ಎಚ್ಚರಗೊಳ್ಳಬೇಕು, ಮುಂದಿನ ಬೆಟ್ಟವೂ ಇದನ್ನೇ ಮೊದಲಿಂದ ಮಾಡಬೇಕು. ಪ್ರತಿ ಮೆಟ್ಟಿಲಿಗೂ ಸೆಕೆಂಡಿನ ಐದನೆಯ ಒಂದು ಭಾಗದಷ್ಟಾದರೂ ಹೋಗುತ್ತದೆ. ನಾಲ್ಕು ಬೆಟ್ಟ ದಾಟುವ ಹೊತ್ತಿಗೆ ಮುಕ್ಕಾಲು ಸೆಕೆಂಡ್ ಕಳೆದಿರುತ್ತದೆ, ನೀವು ಅಷ್ಟರೊಳಗೆ ಕರೆಸಂಕೇತದ ಅರ್ಧ ಹೇಳಿ ಮುಗಿಸಿರುತ್ತೀರಿ. ನಿಮ್ಮ ರೇಡಿಯೊ ಕೆಟ್ಟಿಲ್ಲ. ಗುಂಡಿ ಒತ್ತಿ, ಉಸಿರೊಂದನ್ನು ಎಳೆದುಕೊಂಡು, ಆಮೇಲೆ ಬಾಯಿ ತೆರೆಯಿರಿ. ಹಾಗೆಯೇ ಎದುರಿನವರು ಮುಗಿಸಿದ ಕೂಡಲೇ ಗುಂಡಿ ಒತ್ತಬೇಡಿ. ರಿಪೀಟರಿನ ಬಾಲ (ಮಾತು ನಿಂತ ಮೇಲೂ ಕ್ಷಣಕಾಲ ಉಳಿಯುವ ಅದರ ಪ್ರಸಾರ) ಬಿದ್ದು, ಬೀಪ್ ಬಂದು, ಇನ್ನೆರಡು ಸೆಕೆಂಡ್ ಕಳೆಯಲಿ. ಆ ಎರಡು ಸೆಕೆಂಡಿನಲ್ಲೇ ಇನ್ನೂರು ಕಿಲೋಮೀಟರ್ ದೂರದ ಇನ್ನಾವುದೋ ಬೆಟ್ಟದ ಕೆಳಗೆ ಅಪಘಾತ ಕಂಡವನೊಬ್ಬ ನಡುವೆ ಬರಲು ಜಾಗ ಹುಡುಕುತ್ತಿರಬಹುದು. ನೀವಿಬ್ಬರೂ ಸಂದು ಬಿಡದೆ ಮಾತನಾಡಿದರೆ ಅವನಿಗೆ ಬಾಗಿಲೇ ಇರುವುದಿಲ್ಲ.

ಅಂದು ಆ ಹಿರಿಯರು ಹೇಳಿದ್ದು ಇದನ್ನೇ. ಒಂಟಿ ರಿಪೀಟರಿನಲ್ಲಿ ನೀವು ಹಿಡಿದುಕೊಳ್ಳುವುದು ಒಂದು ಜಗಲಿಯನ್ನು, ಜೋಡಿಸಿದ ಜಾಲದಲ್ಲಿ ಊರಿನ ಎಲ್ಲ ಜಗಲಿಗಳನ್ನೂ ಒಟ್ಟಿಗೆ. ನೀವು ಒಬ್ಬ ಗೆಳೆಯನೊಡನೆ ಮಾತನಾಡಲು ಗುಂಡಿ ಒತ್ತಿದ ಕೂಡಲೇ ಹತ್ತು ಬೆಟ್ಟಗಳಲ್ಲಿ ಹತ್ತು ಟ್ರಾನ್ಸ್‌ಮಿಟರ್‌ಗಳು ಏಳುತ್ತವೆ, ಒಂಬತ್ತರ ಕೆಳಗೆ ನಿಮ್ಮ ಗೆಳೆಯನಿಲ್ಲ. 25 ವ್ಯಾಟಿನ ಒಂದು ಟ್ರಾನ್ಸ್‌ಮಿಟರ್ 13.8 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. 40 ನಿಮಿಷಕ್ಕೆ ಬೆಟ್ಟವೊಂದಕ್ಕೆ 4 ಆಂಪಿಯರ್-ಗಂಟೆ, ಹತ್ತಕ್ಕೆ 40. ಗ್ರಿಡ್ ವಿದ್ಯುತ್ ಇರುವಲ್ಲಿ ಇದು ಲೆಕ್ಕಕ್ಕೆ ಬಾರದು. ಬಿಸಿಲಿನ ಫಲಕವನ್ನೇ ನಂಬಿರುವ ತುದಿಯಲ್ಲಿ ಜನವರಿಯ ಮಂಜು ವಾರಗಟ್ಟಲೆ ಕವಿದಾಗ ಅದೇ ಲೆಕ್ಕ ನನ್ನನ್ನು ಕೆಸರಿನಲ್ಲಿ ಬೆಟ್ಟ ಹತ್ತಿಸುತ್ತದೆ.

ಮೂರನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಇದು ಮೊಬೈಲ್ ಅಲ್ಲ. ಜಾಲ ನಿಮ್ಮನ್ನು ಹಿಂಬಾಲಿಸುವುದಿಲ್ಲ, ನೀವೇ ಅದನ್ನು ಹಿಂಬಾಲಿಸಬೇಕು. ಆಲ್ಟಮಾಂಟಿನ ನೆತ್ತಿ ದಾಟಿದ ಮೇಲೆ ಮುಂದಿನ ರಿಪೀಟರಿನ ಫ್ರೀಕ್ವೆನ್ಸಿಗೂ ಅದರ ಟೋನಿಗೂ ಚಾನೆಲ್ ತಿರುಗಿಸಬೇಕು. ದಾರಿಯಲ್ಲಿ ಸಿಗುವ ಕ್ರಮದಲ್ಲೇ ಚಾನೆಲ್‌ಗಳನ್ನು ತುಂಬಿಟ್ಟುಕೊಂಡರೆ ಚಾನೆಲ್ಲಿನ ಗುಬುಟನ್ನು ಒಮ್ಮೆ ಟಕ್ಕೆಂದು ತಿರುಗಿಸಿದರೆ ಸಾಕು, ರಸ್ತೆಯಿಂದ ಕಣ್ಣು ತೆಗೆಯಬೇಕಿಲ್ಲ.

ಮೌಂಟನ್‌ಹೌಸ್ ಮಂಜು:

ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು ಸರ್. ಗೆಳೆಯನಿಗೂ ಓದಿಸಿದೆ. ಬ್ಯಾಟರಿಯ ಲೆಕ್ಕ ನೋಡಿ ಸುಮ್ಮನಾದ, ಆದರೆ ಒಂದು ಪ್ರಶ್ನೆ ಎತ್ತಿದ. ಎರಡು ಬೆಟ್ಟಗಳ ಆಚೀಚೆ ಇರುವವರು ಮಾತನಾಡುವುದಕ್ಕಲ್ಲದೆ ಮತ್ತೇಕೆ ಅವುಗಳನ್ನು ಜೋಡಿಸಿದ್ದಾರೆ? ಮಾತನಾಡಿದರೆ ತಪ್ಪು ಎನ್ನುವುದಾದರೆ ಜೋಡಿಸದೆಯೇ ಇರಬಹುದಿತ್ತಲ್ಲವೇ? ನನಗೂ ಇದು ನ್ಯಾಯವಾದ ಪ್ರಶ್ನೆ ಎನ್ನಿಸಿತು.

ಬಸವನಗುಡಿ ಬೀಕನ್:

ಆ ಗೆಳೆಯರ ಪರವಾಗಿ ನಾನೂ ಒಂದು ಮಾತು ಸೇರಿಸುತ್ತೇನೆ, ಹಿರಿಯರು ಕ್ಷಮಿಸಬೇಕು. ಬೆಂಗಳೂರಿನಲ್ಲಿ ಕುಳಿತು ಹ್ಯಾಮ್ ಹವ್ಯಾಸವನ್ನು ಹಲವು ವರ್ಷ ನೋಡಿರುವ ನನ್ನ ಅನುಭವ ಬೇರೆ. ನಮ್ಮಲ್ಲಿ ರಿಪೀಟರ್‌ಗಳು ಹಾಳಾಗುವುದು ಹೆಚ್ಚು ಮಾತನಾಡುವುದರಿಂದಲ್ಲ, ಯಾರೂ ಮಾತನಾಡದೆ ಇರುವುದರಿಂದ. ಹೊಸಬನೊಬ್ಬ ಪರವಾನಗಿ ಪಡೆದು, ಹ್ಯಾಂಡಿ ಕೊಂಡು, ಮೂರು ಸಂಜೆ ಕರೆದು, ಮೂರು ಸಂಜೆಯೂ ರೇಡಿಯೊದ ಖಾಲಿ ಸದ್ದಷ್ಟೇ ಕೇಳಿ ರೇಡಿಯೊವನ್ನು ಬೀರುವಿನಲ್ಲಿಟ್ಟ ಕಥೆ ಎಷ್ಟು ಬೇಕು? ಮೌನವಾಗಿರುವ ರಿಪೀಟರಿಗೆ ಬಳಸುವವರಿರುವುದಿಲ್ಲ, ಬಳಸುವವರಿಲ್ಲದಲ್ಲಿ ಬ್ಯಾಟರಿಗೆ ಹಣ ಕೊಡುವವರೂ ಇರುವುದಿಲ್ಲ. ಜೋಡಣೆಯ ದೊಡ್ಡ ಉಪಕಾರವೆಂದರೆ ನಾಲ್ಕು ಊರುಗಳಲ್ಲಿ ಚದುರಿದ ನಾಲ್ಕೇ ಜನರನ್ನು ಒಂದೆಡೆ ಕೇಳಿಸುವಂತೆ ಮಾಡುವುದು. ಆ ನಾಲ್ವರಿಗೆ ಮಾತನಾಡಬೇಡಿ ಎಂದರೆ ಉಳಿಯುವುದೇನು?

ನಮ್ಮಲ್ಲಿ 2 ಮೀಟರ್ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್‌ವರೆಗೆ ಮಾತ್ರ, 70 ಸೆಂಟಿಮೀಟರ್ 434ರಿಂದ 438ರವರೆಗೆ ಮಾತ್ರ. ನಿಮ್ಮಲ್ಲಿ ಅವು ಕ್ರಮವಾಗಿ 144ರಿಂದ 148 ಮತ್ತು 420ರಿಂದ 450. ಅಷ್ಟು ಅಗಲದ ಜಾಗದಲ್ಲಿ ಇಬ್ಬರು ಗೆಳೆಯರಿಗೆ 40 ನಿಮಿಷ ಇಲ್ಲವೆಂದರೆ ಕೇಳುವವರಿಗೆ ವಿಚಿತ್ರವೆನ್ನಿಸುತ್ತದೆ.

ಹಳೇ ವಾಲ್ವು:

ಬೀಕನ್ ಅವರೇ, ನಿಮ್ಮ ಮಾತಿನ ಮೊದಲರ್ಧವನ್ನು ಪೂರ್ತಿ ಒಪ್ಪುತ್ತೇನೆ. ಮಾತನಾಡಬಾರದೆಂದು ನಾನು ಹೇಳಲಿಲ್ಲ. ಜಾಲದ ಮೇಲೆ ಕರೆಯಬೇಕು, ಸಿಕ್ಕವರ ಯೋಗಕ್ಷೇಮ ವಿಚಾರಿಸಬೇಕು, ಮೂರನೆಯವರನ್ನು ಸೇರಿಸಿಕೊಳ್ಳಬೇಕು. ಇಬ್ಬರಿಗೆ ಮಾತ್ರ ಸಂಬಂಧಿಸಿದ ಉದ್ದನೆಯ ಮಾತು ಬಂದಾಗ ಬೇರೆ ಜಾಗ ಸಿಗುವುದಾದರೆ ಅಲ್ಲಿಗೆ ಹೋಗಬೇಕು. ಇಬ್ಬರೂ ಒಂದೇ ಬೆಟ್ಟದ ಕೆಳಗಿದ್ದು ಇಡೀ ಜಾಲವನ್ನು ಹಿಡಿದುಕೊಂಡಿರುವುದು ಒಂದು ಬಗೆ, ಜಾಲವಿಲ್ಲದೆ ಒಬ್ಬರಿಗೊಬ್ಬರು ಸಿಗಲಾರದವರು ಅದನ್ನು ಬಳಸುವುದು ಇನ್ನೊಂದು ಬಗೆ. ಮಂಜು ಮತ್ತು ಅವರ ಗೆಳೆಯರು ಎರಡನೆಯ ಬಗೆಯವರು, ಆದ್ದರಿಂದ ಅವರದು ಅಪರಾಧವಲ್ಲ. 15 ನಿಮಿಷದ ಮೇಲೆ ಯಾರಿಗಾದರೂ ಜಾಲ ಬೇಕೇ ಎಂದು ಒಮ್ಮೆ ಇಂಗ್ಲಿಷಿನಲ್ಲಿ ಕೇಳಿ, ಅರ್ಧ ನಿಮಿಷ ಕಾದು ಮುಂದುವರಿದಿದ್ದರೆ ಬಹುಶಃ ಆ ಹಿರಿಯರು ಬಾಯಿ ತೆರೆಯುತ್ತಲೇ ಇರಲಿಲ್ಲ. ಕನ್ನಡದ ವಿಷಯ ನಿಜವಾಗಿ ಬರುವುದು ಇಲ್ಲಿಯೇ: ಇಂಗ್ಲಿಷಿನಲ್ಲಿ ಹರಟುವವರ ಮಾತು ಎಲ್ಲಿ ಮುಗಿಯುತ್ತದೆ, ಯಾವಾಗ ನಡುವೆ ಬರಬಹುದು ಎಂಬುದು ಕೇಳುವವನಿಗೆ ಗೊತ್ತಾಗುತ್ತದೆ. ಕನ್ನಡ ತಿಳಿಯದವನಿಗೆ ನೀವು ಕೊಬ್ಬರಿಯ ಮಾತಾಡುತ್ತಿದ್ದೀರೋ ತುರ್ತಿನ ಮಾತಾಡುತ್ತಿದ್ದೀರೋ ತಿಳಿಯುವುದಿಲ್ಲ. ಆದ್ದರಿಂದ ನಮ್ಮ ಭಾಷೆಯಲ್ಲಿ ಮಾತನಾಡುವಾಗ ಸಂದು ಇನ್ನಷ್ಟು ಅಗಲವಾಗಿರಬೇಕು ಎನ್ನುವುದು ನನ್ನ ಅಭಿಪ್ರಾಯ.

ಜಾಗದ ಅಗಲದ ಬಗ್ಗೆ ಒಂದು ತಿದ್ದುಪಡಿ. 420ರಿಂದ 450 ನಮ್ಮ ಸ್ವಂತದ್ದಲ್ಲ. ಅಲ್ಲಿ ಸರ್ಕಾರದ ರಾಡಾರುಗಳು ಯಜಮಾನರು, ನಾವು ಎರಡನೆಯ ಸಾಲಿನವರು. ನನ್ನ ಮನೆಯ ಉತ್ತರಕ್ಕೆ ಬೀಲ್ ವಾಯುಪಡೆ ನೆಲೆಯಲ್ಲಿ ಪೇವ್ ಪಾಸ್ ಎಂಬ ಕ್ಷಿಪಣಿ ಎಚ್ಚರಿಕೆಯ ರಾಡಾರ್ ಇದೆ. ಅಮೆಚೂರ್ ರಿಪೀಟರ್‌ಗಳು ಅದಕ್ಕೆ ತೊಂದರೆ ಕೊಡುತ್ತಿವೆ ಎಂದು 2007ರಲ್ಲಿ ದೂರು ಬಂದು, ಈ ಭಾಗದ ಎಷ್ಟೋ ರಿಪೀಟರ್‌ಗಳು ಶಕ್ತಿ ಇಳಿಸಬೇಕಾಯಿತು. ಇಂದಿಗೂ ಆ ನೆಲೆಯ ಸುತ್ತ 240 ಕಿಲೋಮೀಟರಿನಲ್ಲಿ ಈ ಬ್ಯಾಂಡಿಗೆ 50 ವ್ಯಾಟಿನ ಮಿತಿ ಇದೆ. ನಿಮ್ಮ 4 ಮೆಗಾಹರ್ಟ್ಸ್ ಕಿರಿದಾದರೂ ನೆಮ್ಮದಿಯದು ಎಂದು ಒಮ್ಮೊಮ್ಮೆ ಅನ್ನಿಸುವುದುಂಟು.

ಘಟ್ಟದ ಮಳೆ:

ನಾನು ಕೊಡಗಿನವನು. ಇಲ್ಲಿಯ ಚರ್ಚೆಯಲ್ಲಿ ಜೋಡಣೆ ಯಾವುದರಿಂದ ಆಗಿದೆ ಎಂಬುದನ್ನು ಇನ್ನೂ ಯಾರೂ ಎತ್ತಿಲ್ಲ. ಹಳೇ ವಾಲ್ವು ಸರ್ ಹೇಳಿದ್ದು ಬೆಟ್ಟದಿಂದ ಬೆಟ್ಟಕ್ಕೆ ರೇಡಿಯೊ ಕೊಂಡಿ. ಈಗ ಹೆಚ್ಚು ಜನ ಜೋಡಣೆ ಎನ್ನುವುದು ಇಂಟರ್ನೆಟ್ಟಿನ ಮೂಲಕ ಮಾಡುವುದನ್ನು. ಕೆನಡಾದ ವ್ಯಾಂಕೂವರಿನಲ್ಲಿ 1997ರಲ್ಲಿ ಹುಟ್ಟಿದ ಐಆರ್‌ಎಲ್‌ಪಿ, 2002ರಲ್ಲಿ ಬಂದ ಎಕೋಲಿಂಕ್, ದೂರವಾಣಿ ವಿನಿಮಯ ಕೇಂದ್ರದ ಆಸ್ಟರಿಸ್ಕ್ ತಂತ್ರಾಂಶದ ಮೇಲೆ ಕಟ್ಟಿದ ಆಲ್‌ಸ್ಟಾರ್, ಇವೆಲ್ಲ ಆ ಜಾತಿಗೆ ಸೇರಿದವು. ಅಗ್ಗ, ಸುಲಭ, ಧ್ವನಿಯೂ ಸ್ವಚ್ಛ. ಬೆಟ್ಟಕ್ಕೆ ಬೆಟ್ಟ ಕಾಣಲೇಬೇಕೆಂಬ ಹಂಗೂ ಇಲ್ಲ.

ಆದರೆ 2018ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯ ಗುಡ್ಡಗಳು ಜಾರಿದಾಗ ನಮ್ಮ ಮನೆಯ ಕಡೆ ಮೊದಲು ವಿದ್ಯುತ್ ಹೋಯಿತು, ಆಮೇಲೆ ಒಂದೊಂದಾಗಿ ಮೊಬೈಲ್ ಗೋಪುರಗಳು ಮೂಕವಾದವು. ಮಡಿಕೇರಿ–ಸಂಪಾಜೆ ರಸ್ತೆ ಕುಸಿದು, ಜೋಡುಪಾಲದ ಕಡೆಯ ಸುದ್ದಿ ಏನೆಂದು ತಿಳಿಯಲು ನಡೆದುಬಂದವರನ್ನೇ ಕೇಳಬೇಕಿತ್ತು. ಅಂಥ ದಿನ ಇಂಟರ್ನೆಟ್ಟಿನ ಮೇಲೆ ನಿಂತ ಜೋಡಣೆ ಯಾವ ಉಪಯೋಗಕ್ಕೂ ಬಾರದು. ನಮ್ಮಲ್ಲಿ ರೇಡಿಯೊ ಕೊಂಡಿ ಹಾಕುವುದೂ ಸುಲಭವಲ್ಲ. ನಕ್ಷೆ ನೋಡುವವರು 1930 ಮೀಟರಿನ ಮುಳ್ಳಯ್ಯನಗಿರಿಯ ಮೇಲೆ ಒಂದು ಆಂಟೆನಾ ಇಟ್ಟರೆ ಕರಾವಳಿಯೆಲ್ಲ ಸಿಕ್ಕಿತೆಂದು ಎಣಿಸುತ್ತಾರೆ. ಸರ್ ಕೊಟ್ಟ ಸೂತ್ರದಿಂದ ದಿಗಂತ 180 ಕಿಲೋಮೀಟರ್ ಬರುತ್ತದೆ, ಮಂಗಳೂರು ಸುಮಾರು 110. ಆದರೆ ಅಲ್ಲಿಂದ ಮಂಗಳೂರಿಗೆ ನೇರ ಗೆರೆ ಎಳೆದು ನೋಡಿ: ನಟ್ಟ ನಡುವೆ 1894 ಮೀಟರಿನ ಕುದುರೆಮುಖ ಎದೆಯೊಡ್ಡಿ ನಿಂತಿದೆ. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ರೇಡಿಯೊದಲ್ಲಿ ಮಾತು ಬೇಕೆಂದರೆ ಘಟ್ಟದ ಅಂಚಿನಲ್ಲೇ, ಎರಡೂ ಕಡೆ ಕಾಣುವ ಜಾಗದಲ್ಲಿ, ನಡುವಣ ಬೆಟ್ಟವೊಂದು ಬೇಕು. ಅಲ್ಲಿಗೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿಸಿಲೂ ಇಲ್ಲ, ದಾರಿಯೂ ಇಲ್ಲ.

ಆದ್ದರಿಂದ ಬೀಕನ್ ಅವರೇ, ಬ್ಯಾಟರಿಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಳೆ ಎಡೆಬಿಡದೆ ಸುರಿಯುವ ನಾಲ್ಕನೆಯ ದಿನ ಅದರಲ್ಲಿ ಎಷ್ಟು ಉಳಿದಿದೆ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ತುಂಗಾ ತರಂಗ:

ಘಟ್ಟದ ಮಳೆ ಅವರು ಹೇಳಿದ್ದಕ್ಕೆ ಇಲ್ಲಿಯೂ ಸಾಕ್ಷಿ ಇದೆ. 2019ರ ಅಕ್ಟೋಬರಿನಲ್ಲಿ ಕಾಳ್ಗಿಚ್ಚಿನ ಭಯದಿಂದ ಉತ್ತರ ಕ್ಯಾಲಿಫೋರ್ನಿಯಾದ ದೊಡ್ಡ ಭಾಗಕ್ಕೆ ವಿದ್ಯುತ್ತನ್ನು ಬೇಕೆಂದೇ ಕಡಿತಗೊಳಿಸಿದಾಗ ಮರಿನ್ ಕೌಂಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೊಬೈಲ್ ಗೋಪುರಗಳು ಸತ್ತು ಕುಳಿತಿದ್ದವು. ಬೆಂಕಿ ಬರುವ ಮೊದಲೇ, ಬರೀ ವಿದ್ಯುತ್ ಇಲ್ಲದೆ. ಆ ದಿನಗಳಲ್ಲಿ ನಾನು ಕೇಳುತ್ತಿದ್ದ ಎರಡು ಜಾಲಗಳಲ್ಲಿ ಇಂಟರ್ನೆಟ್ ಕೊಂಡಿಯ ಜಾಲ ತುಂಡು ತುಂಡಾಗಿ ಹರಿದು ಹೋಯಿತು. ಹರಿದ ತುಂಡುಗಳು ತಮ್ಮ ತಮ್ಮ ಬೆಟ್ಟದ ಮಟ್ಟಿಗೆ ಕೆಲಸ ಮಾಡುತ್ತಲೇ ಇದ್ದವು ಎಂಬುದನ್ನೂ ಹೇಳಬೇಕು. ಕೊಂಡಿ ಕಳಚಿದರೂ ರಿಪೀಟರ್ ಸಾಯುವುದಿಲ್ಲ. ಒಂಟಿಯಾಗಿ ಬದುಕುತ್ತದೆ. ಆ ಹೊತ್ತಿನಲ್ಲಿ ತನ್ನ ಬೆಟ್ಟವನ್ನು ಮಾತ್ರ ಬಳಸಲು ಕಲಿತವರಿಗೆ ಗಲಿಬಿಲಿಯಾಗಲಿಲ್ಲ. ಯಾವಾಗಲೂ ಜಾಲದ ಮೇಲೆಯೇ ಇದ್ದವರು ಯಾರೂ ಉತ್ತರಿಸುತ್ತಿಲ್ಲವೆಂದು ಕರೆಯುತ್ತಲೇ ಇದ್ದರು.

ನಮ್ಮ ವಾರದ ನೆಟ್‌ನಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಹಾಜರಿ ಕರೆಯುವಾಗ ಜಾಲ ಜೋಡಣೆಯಲ್ಲಿರುತ್ತದೆ, ಮುಗಿದ ಮೇಲೆ ಕೊಂಡಿ ಬಿಚ್ಚುತ್ತೇವೆ, ಹರಟೆ ಅವರವರ ಬೆಟ್ಟದಲ್ಲಿ ನಡೆಯುತ್ತದೆ. ಹಾಜರಿಯ ಸಮಯದಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು ಒಬ್ಬರ ಮೇಲೊಬ್ಬರು ಬೀಳುವುದು. ಒಂದೇ ರಿಪೀಟರಿನಲ್ಲಾದರೆ ಬಲವಾದ ಸಿಗ್ನಲ್ ಗೆಲ್ಲುತ್ತದೆ, ಇಬ್ಬರು ಬಿದ್ದರೆಂದು ಕಿರಕಿರಿ ಸದ್ದಿನಿಂದ ಗೊತ್ತಾಗುತ್ತದೆ. ಬೇರೆ ಬೇರೆ ಬೆಟ್ಟಗಳಲ್ಲಿದ್ದರೆ ಆ ಇಬ್ಬರಿಗೂ ತಾವು ಬಿದ್ದದ್ದು ತಿಳಿಯುವುದೇ ಇಲ್ಲ, ಮಾತನಾಡುವಾಗ ಅವರ ಕಿವಿ ಮುಚ್ಚಿರುತ್ತದಲ್ಲ. ಆದ್ದರಿಂದ ನಾನು ಬೆಟ್ಟದ ಹೆಸರು ಹಿಡಿದೇ ಕರೆಯುತ್ತೇನೆ. ಮಂಜು ಅವರೇ, ನೀವು ಕರೆಯುವಾಗಲೂ ನಿಮ್ಮ ಕರೆಸಂಕೇತದ ಜೊತೆಗೆ ಯಾವ ರಿಪೀಟರಿನಿಂದ ಬರುತ್ತಿದ್ದೀರಿ ಎಂದು ಹೇಳುವ ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಪಕ್ಕದ ಬೀದಿಯವನು ಅದನ್ನು ಕೇಳಿ, ನಮ್ಮಿಬ್ಬರದೂ ಒಂದೇ ಬೆಟ್ಟ, ಸ್ಥಳೀಯವಾಗಿ ಮಾತನಾಡೋಣ ಎನ್ನಬಹುದು.

ಬಸವನಗುಡಿ ಬೀಕನ್:

ಕೊಡಗಿನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಒಪ್ಪಿದೆ. ಬೇಕಾದಾಗ ಜೋಡಿಸಿ ಬೇಡವಾದಾಗ ಬಿಚ್ಚುವ ತುಂಗಾ ಮೇಡಂ ಅವರ ಪದ್ಧತಿ ನಮ್ಮ ಕಡೆಗೂ ಒಪ್ಪುತ್ತದೆ. ಡಿಎಂಆರ್ ಎಂಬ ಡಿಜಿಟಲ್ ರೇಡಿಯೊ ಬಳಸುವವರಿಗೆ ಇದು ಇನ್ನೂ ಸುಲಭ. ಅಲ್ಲಿ 12.5 ಕಿಲೋಹರ್ಟ್ಸ್ ಅಗಲದ ಒಂದೇ ಚಾನೆಲ್ಲನ್ನು 30 ಮಿಲಿಸೆಕೆಂಡಿನ ಎರಡು ಕಾಲಪಟ್ಟಿಗಳಾಗಿ ಸೀಳಿರುವುದರಿಂದ ಒಂದರಲ್ಲಿ ಜಾಲ, ಇನ್ನೊಂದರಲ್ಲಿ ಊರಿನ ಮಾತು ಏಕಕಾಲಕ್ಕೆ ನಡೆಯಬಹುದು. ಆದರೆ ಅದಕ್ಕೆ ಬೇರೆ ರೇಡಿಯೊ ಬೇಕು, ಮೆನು ಕಲಿಯಲು ಬೇರೆ ಜನ್ಮ ಬೇಕು.

ಕಡಲಾಚೆ ಕಮಲ:

ಮಂಜು ಅವರಿಗೆ ಒಂದು ಸಣ್ಣ ಎಚ್ಚರಿಕೆ, ನಾನು ಮೋಸಹೋದದ್ದರಿಂದ ಹೇಳುತ್ತಿದ್ದೇನೆ. ದಾರಿಯ ಚಾನೆಲ್‌ಗಳನ್ನು ತುಂಬುವಾಗ ನಿಮ್ಮ ಕಡೆಯ 70 ಸೆಂಟಿಮೀಟರ್ ರಿಪೀಟರ್‌ಗಳ ಅಂತರ ಪ್ಲಸ್ 5 ಮೆಗಾಹರ್ಟ್ಸ್ ಇರುತ್ತದೆ: ಅವು 440ರಿಂದ 445ರ ನಡುವೆ ಮಾತನಾಡಿ ಅದರ ಮೇಲಿನ ಭಾಗದಲ್ಲಿ ಕೇಳಿಸಿಕೊಳ್ಳುತ್ತವೆ. ಲಾಸ್ ಏಂಜಲಿಸ್ ಕಡೆಗೆ ಇಳಿದರೆ ಇದು ತಲೆಕೆಳಗಾಗಿ ಮೈನಸ್ 5 ಆಗುತ್ತದೆ. ವಿನ್ ಸಿಸ್ಟಂ, ಕಾರ್ಲಾದಂಥ ರಾಜ್ಯದುದ್ದಕ್ಕೂ ಹಬ್ಬಿದ ಜಾಲಗಳನ್ನು ನೆಚ್ಚಿ ಹೆದ್ದಾರಿ 5ರಲ್ಲಿ ದಕ್ಷಿಣಕ್ಕೆ ಹೊರಟರೆ ನಡುದಾರಿಯಲ್ಲಿ ಎಲ್ಲವೂ ಕೇಳಿಸುತ್ತದೆ, ನಿಮ್ಮನ್ನು ಮಾತ್ರ ಯಾರೂ ಕೇಳುವುದಿಲ್ಲ. ನಾನು ಬೇಕರ್ಸ್‌ಫೀಲ್ಡಿನಿಂದ ಆಚೆಗೆ ಒಂದು ಗಂಟೆ ಹೀಗೆಯೇ ಒಬ್ಬಳೇ ಮಾತನಾಡಿಕೊಂಡೆ.

ಮೌಂಟನ್‌ಹೌಸ್ ಮಂಜು:

ಎರಡು ವಾರ ಕಳೆದು ಬರೆಯುತ್ತಿದ್ದೇನೆ. ಮೊದಲಿಗೆ, ಗುಂಡಿ ಒತ್ತಿ ಒಂದು ಉಸಿರು ಕಾಯುವುದನ್ನು ಕಲಿತ ಮೇಲೆ ನನ್ನ ಕರೆಸಂಕೇತ ಪೂರ್ತಿ ಕೇಳಿಸುತ್ತಿದೆಯಂತೆ. ದಾರಿಯ ಚಾನೆಲ್‌ಗಳನ್ನೂ ಕ್ರಮವಾಗಿ ಹೊಂದಿಸಿಕೊಂಡೆ. ಈಗ ಆಲ್ಟಮಾಂಟಿನ ನೆತ್ತಿಯಲ್ಲಿ ಗಾಳಿಯಂತ್ರಗಳು ಕಾಣಿಸಿದೊಡನೆ ಕೈ ತಾನಾಗಿಯೇ ಗುಬುಟಿಗೆ ಹೋಗುತ್ತದೆ.

ಗೆಳೆಯನ ವಿಷಯ: ಅವನು ಪೂರ್ತಿ ಒಪ್ಪಿಲ್ಲ, ಆದರೆ ಸುಮ್ಮನೆ ಕುಳಿತಿಲ್ಲ. ಅಳತೆಪಟ್ಟಿಯ ಉಕ್ಕಿನ ಪಟ್ಟಿಯನ್ನು ಕತ್ತರಿಸಿ, ಪಿವಿಸಿ ಕೊಳವೆಗೆ ಕಟ್ಟಿ, 2 ಮೀಟರ್ ಬ್ಯಾಂಡಿಗೆ ಮೂರು ಕಡ್ಡಿಯ, ಒಂದೇ ದಿಕ್ಕಿಗೆ ಗುರಿಯಿಡುವ ಒಂದು ಯಾಗಿ ಆಂಟೆನಾ ಮಾಡಿದ. ನಾನೂ ಒಂದು ಮಾಡಿದೆ, ಮನೆಯವರು ಬಟ್ಟೆ ಒಣಗಿಸುವ ಕೋಲು ಎಂದುಕೊಂಡಿದ್ದಾರೆ. ಇಬ್ಬರೂ ಸುತ್ತಲಿನ ಬೆಟ್ಟಗಳ ಪಟ್ಟಿ ಹಿಡಿದು ಒಂದೊಂದರ ಕಡೆಗೂ ತಿರುಗಿಸುತ್ತಾ ಹೋದೆವು. ಕೊನೆಗೆ ಯಾವ ಜಾಲಕ್ಕೂ ಸೇರದ ಒಂದು ಒಂಟಿ ರಿಪೀಟರ್ ಸಿಕ್ಕಿತು. ಅವನ ಮಹಡಿಯಿಂದ ಅದು ಸ್ವಚ್ಛವಾಗಿ ಸಿಗುತ್ತದೆ, ನನ್ನ ಹಿತ್ತಲಿನ ಈಶಾನ್ಯ ಮೂಲೆಯಲ್ಲಿ ನಿಂತರೆ ಮಾತ್ರ ನನಗೆ ಸಿಗುತ್ತದೆ, ಅದೂ ಹಿನ್ನೆಲೆಯಲ್ಲಿ ಒಗ್ಗರಣೆಯ ಸದ್ದಿನೊಂದಿಗೆ. ಅದರ ಉಸ್ತುವಾರಿ ನೋಡುವವರಿಗೆ ಪತ್ರ ಬರೆದು ಕನ್ನಡದಲ್ಲಿ ಮಾತನಾಡಬಹುದೇ ಎಂದು ಕೇಳಿದೆ. ಸಂಜೆ ಏಳರಿಂದ ಎಂಟರವರೆಗಿನ ಅವರ ಕ್ಲಬ್ಬಿನ ನೆಟ್ ಬಿಟ್ಟು ಯಾವಾಗ ಬೇಕಾದರೂ ಮಾತನಾಡಿ, ವರ್ಷಕ್ಕೊಮ್ಮೆ ಬೆಟ್ಟಕ್ಕೆ ಬ್ಯಾಟರಿ ಹೊರಲು ಬನ್ನಿ ಎಂದು ಉತ್ತರ ಬಂತು.

ಈಗ ಜಾಲದ ಮೇಲೆ ಕರೆದು ಅವನಿದ್ದಾನೆಯೇ ಎಂದು ನೋಡುತ್ತೇನೆ, ಸಿಕ್ಕರೆ ಇಬ್ಬರೂ ಒಂಟಿ ಬೆಟ್ಟಕ್ಕೆ ಹೋಗುತ್ತೇವೆ. ಒಂದೇ ತೊಂದರೆ ಉಳಿದಿದೆ. ಅಲ್ಲಿಯೂ ಅವನ ಮಾತಿನ ಮೊದಲ ಪದ ನನಗೆ ಕೇಳಿಸುವುದಿಲ್ಲ. ಅವನೂ ಉಸಿರು ಎಳೆದುಕೊಂಡೇ ಮಾತನಾಡುತ್ತಾನೆ, ನಡುವೆ ಯಾವ ಕೊಂಡಿಯೂ ಇಲ್ಲ. ಬೇರೆಯವರಿಗೆ ಅವನ ಮಾತು ಮೊದಲಿನಿಂದಲೂ ಸರಿಯಾಗಿ ಕೇಳಿಸುತ್ತದೆಯಂತೆ.

ಹಳೇ ವಾಲ್ವು:

ಹಾಗಾದರೆ ತೊಂದರೆ ಅವರ ಬಾಯಲ್ಲಿಲ್ಲ, ನಿಮ್ಮ ಕಿವಿಯಲ್ಲಿದೆ. ಹ್ಯಾಂಡಿಯ ಮೆನುವಿನಲ್ಲಿ ಬ್ಯಾಟರಿ ಸೇವರ್ ಎಂದು ಇರುತ್ತದೆ. ಅದು ಆನ್ ಇದ್ದರೆ ರಿಸೀವರ್ ತೂಕಡಿಸುತ್ತಾ ಆಗಾಗ ಕಣ್ಣು ಬಿಟ್ಟು ನೋಡುತ್ತದೆ, ಎಚ್ಚರವಾಗುವಷ್ಟರಲ್ಲಿ ಒಂದು ಪದ ಹೋಗಿರುತ್ತದೆ. ಅದನ್ನು ಆಫ್ ಮಾಡಿ ನೋಡಿ. ಬ್ಯಾಟರಿ ಹೊರಲು ಕರೆ ಬಂದಾಗ ಕೈಗವಸು ತೆಗೆದುಕೊಂಡು ಹೋಗಿ.

ಮೌಂಟನ್‌ಹೌಸ್ ಮಂಜು:

ಆಫ್ ಮಾಡಿದೆ. ಸರಿಹೋಯಿತು ಸರ್.